ಕೊಟ್ಟ ಬೆಲೆ, ಪಡೆದ ಬೆಲೆ: ಫಲನದ ಪಾಠ

ಕಲ್ಯಾಣದಲ್ಲಿ ಬಿಜ್ಜಳನ ಭಂಡಾರದ ಹೊಣೆ ಹೊತ್ತವರು ಬಸವಣ್ಣನವರು. ಕೊಟ್ಟದ್ದೆಷ್ಟು, ಬಂದದ್ದೆಷ್ಟು ಎಂಬೆರಡನ್ನು ಬೆರೆಸದೆ ಬರೆಯುವ ಶಿಸ್ತು ಭಂಡಾರಿಗೆ ಎಷ್ಟು ಅವಶ್ಯವೋ, ಗಣಿತದಲ್ಲಿ ಫಲನವೆಂಬ ಪಾಠವನ್ನು ಕಲಿಯಹೊರಟ ವಿದ್ಯಾರ್ಥಿಗೂ ಅಷ್ಟೇ ಅವಶ್ಯ.

ಒಂದು ಬೆಲೆಯನ್ನು ಕೊಟ್ಟರೆ, ನಿಯಮಾನುಸಾರವಾಗಿ ಒಂದೇ ಒಂದು ಬೆಲೆಯನ್ನು ದೊರಕಿಸುವ ಸಂಬಂಧವೇ ಫಲನ. ಕೊಟ್ಟ ಸಂಖ್ಯೆಯನ್ನು ಅದರಿಂದಲೇ ಗುಣಿಸಬೇಕೆಂಬುದು ನಿಯಮವಾದರೆ, ೩ನ್ನು ಕೊಟ್ಟಾಗ ೯ ಬರುತ್ತದೆ. ಇದನ್ನು ಎಫ್(೩) = ೯ ಎಂದು ಬರೆಯುವರು. ವಿದ್ಯಾರ್ಥಿ ಮೊದಲು ಎಡವುವುದು ಇಲ್ಲಿಯೇ. ಆವರಣವನ್ನು ಕಂಡೊಡನೆ ಎಫ್ ಎಂಬುದನ್ನು ಮೂರರಿಂದ ಗುಣಿಸಬೇಕೆಂದು ಅವನು ಬಗೆಯುತ್ತಾನೆ. ನಮ್ಮ ಚತುರ್ಥೀ ವಿಭಕ್ತಿ ಈ ಭ್ರಮೆಯನ್ನು ಕಳೆಯಬಲ್ಲುದು. ಆ ಬರಹವನ್ನು "ಮೂರಕ್ಕೆ ಒಂಬತ್ತು" ಎಂದು ಓದಿಸಬೇಕು. 'ಕ್ಕೆ' ಪ್ರತ್ಯಯ ಹತ್ತಿದುದು ಕೊಟ್ಟ ಬೆಲೆ; ಉಳಿದುದು ಪಡೆದ ಬೆಲೆ.

ಇನ್ನು ಪ್ರಶ್ನೆಯನ್ನು ತಿರುಗಿಸಿ ನೋಡೋಣ. ಒಂದು ಬಸ್ಸು ಹುಮನಾಬಾದನ್ನು ೮ ಗಂಟೆಗೆ ಬಿಟ್ಟು, ಒಂದೇ ವೇಗದಲ್ಲಿ ಸಾಗಿ, ೯ಕ್ಕೆ ಬಸವಕಲ್ಯಾಣವನ್ನು ಸೇರಿತೆಂದು ಭಾವಿಸೋಣ. ಅಲ್ಲಿ ಅರ್ಧ ಗಂಟೆ ನಿಂತು, ೯-೩೦ಕ್ಕೆ ಹೊರಟು, ಅದೇ ವೇಗದಲ್ಲಿ ಹಿಂದಿರುಗಿತು. "೮-೩೦ಕ್ಕೆ ಬಸ್ಸು ಎಲ್ಲಿ?" ಎಂದರೆ ಉತ್ತರ ಒಂದೇ: ನಡುದಾರಿಯಲ್ಲಿ. "ನಡುದಾರಿಯಲ್ಲಿ ಬಸ್ಸು ಎಷ್ಟು ಗಂಟೆಗೆ?" ಎಂದರೆ ಉತ್ತರ ಎರಡು: ೮-೩೦ ಮತ್ತು ೧೦. ಒಂದನ್ನೇ ತಿಳಿದು ೮-೩೦ಕ್ಕೆ ಬಸ್ಸು ಹತ್ತಿದ ಹುಮನಾಬಾದಿನ ಪ್ರಯಾಣಿಕನು ಕಲ್ಯಾಣವನ್ನು ಸೇರುವನು! ಬಸವಕಲ್ಯಾಣವನ್ನು ದಾಟಿದ ಊರಿನಲ್ಲಿ ಎಷ್ಟು ಗಂಟೆಗೆಂದು ಕೇಳಿದರೆ ಉತ್ತರವೇ ಇಲ್ಲ. ಬಸ್ಸು ಅಲ್ಲಿಗೆ ಹೋಗಲೇ ಇಲ್ಲ. ಕೊಟ್ಟ ಬೆಲೆಗೆ ಪಡೆದ ಬೆಲೆ ಒಂದೇ ಇರಬೇಕೆಂಬುದು ನಿಯಮ. ಪಡೆದ ಬೆಲೆಯಿಂದ ಹಿಂದಕ್ಕೆ ನಡೆವಾಗ ಆ ಕಟ್ಟಿಲ್ಲ.

ಈ ಸೂಕ್ಷ್ಮದ ಒಂದು ಮುಖ ನಮ್ಮ ನಾಡಿಗೆ ಹೊಸತಲ್ಲ. ೯ನೆಯ ಶತಮಾನದಲ್ಲಿ, ಮಾನ್ಯಖೇಟದಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ರಚಿಸಿದನು. ಆ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಧನಸಂಖ್ಯೆಯ ವರ್ಗವೂ ಋಣಸಂಖ್ಯೆಯ ವರ್ಗವೂ ಧನವೇ ಎಂದೂ, ವರ್ಗಮೂಲ ಧನವೂ ಋಣವೂ ಆಗುವುದೆಂದೂ, ಋಣಸಂಖ್ಯೆಯು ಸ್ವಭಾವದಿಂದಲೇ ವರ್ಗವಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದೂ ಅವನು ತಿಳಿಸಿದ್ದಾನೆ. ಶಾಲೆಯ ಪಾಠದಲ್ಲಿ ಬಳಸುವ ವಾಸ್ತವ ಸಂಖ್ಯೆಗಳ ಮಟ್ಟಿಗೆ ಇದು ಇಂದಿಗೂ ಸತ್ಯ. ಯಾವುದಕ್ಕೆ ೯? ೩ಕ್ಕೂ, ಋಣ ೩ಕ್ಕೂ. ಯಾವುದಕ್ಕೆ ಋಣ ೯? ಯಾವುದಕ್ಕೂ ಇಲ್ಲ.

ಪಡೆದ ಬೆಲೆ ೯ ಆದಾಗ ಕೊಟ್ಟ ಬೆಲೆ ಯಾವುದೆಂದು ಕೇಳಿದರೆ, ಅವಸರದ ವಿದ್ಯಾರ್ಥಿಯು ೯ನ್ನು ೯ರಿಂದ ಗುಣಿಸಿ ೮೧ ಎಂದು ಬರೆಯುವನು. ಅವನ ಗುಣಾಕಾರದಲ್ಲಿ ದೋಷವಿಲ್ಲ. ಅವನು ಪ್ರಶ್ನೆಯನ್ನೇ ಓದಲಿಲ್ಲ. ಅಂಥವನಿಗೆ ಮತ್ತಷ್ಟು ಲೆಕ್ಕಗಳನ್ನು ಕೊಡುವುದರಿಂದ ಪ್ರಯೋಜನವಿಲ್ಲ. ಲೇಖನಿ ಹಿಡಿಯುವ ಮೊದಲು "ಇಲ್ಲಿ 'ಕ್ಕೆ' ಹತ್ತಬೇಕಾದುದು ಯಾವುದಕ್ಕೆ?" ಎಂದು ಅಧ್ಯಾಪಕರು ಕೇಳಿದರೆ ಅರ್ಧ ಪಾಠ ಮುಗಿದಂತೆ. ಗಣಿತದ ತರಗತಿಯಲ್ಲಿಯೂ ಭಾಷೆಗೆ ಕೆಲಸವುಂಟು.