ಹೊಳಪಿನಡಿಯ ಗುಳಿ

ಅಜ್ಜನ ಟ್ರಂಕಿನ ತಳದಲ್ಲಿ ಸಿಕ್ಕ ವೆಬ್ಲಿ ರಿವಾಲ್ವರನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ ಉಪ್ಪುಕಾಗದದಿಂದ ಉಜ್ಜಿದರೆ ಎರಡೇ ದಿನದಲ್ಲಿ ಥಳಥಳಿಸುತ್ತದೆ. ನನಗೆ ಭಯ ಶುರುವಾಗುವುದೇ ಅಲ್ಲಿಂದ. ತುಕ್ಕು ಹಿಡಿದದ್ದನ್ನು ಯಾರೂ ನಂಬುವುದಿಲ್ಲ. ಹೊಳೆಯುವುದಕ್ಕೆ ತೋಟಾ ತುಂಬಿ ನೋಡೋಣ ಅನ್ನಿಸುತ್ತದೆ.

ತುಕ್ಕು ಮೇಲೆ ಕೂತ ಕೊಳೆಯಲ್ಲ, ಉಕ್ಕೇ ಹಾಗಾದದ್ದು. ಉಜ್ಜಿದರೆ ಹೋದ ಲೋಹ ಮರಳುವುದಿಲ್ಲ, ಗುಳಿ ಉಳಿಯುತ್ತದೆ. ತಗಡನ್ನು ಎಳೆದಾಗ ಅದರಲ್ಲಿನ ದುಂಡು ತೂತಿನ ಅಂಚಿನಲ್ಲಿ ಎಳೆತ ಮೂರು ಪಟ್ಟಾಗುತ್ತದೆ. ತೂತು ಚೂಪಾದಷ್ಟೂ ಇನ್ನೂ ಹೆಚ್ಚು. 1913ರಲ್ಲೇ ಎಂಜಿನಿಯರ್ ಚಾರ್ಲ್ಸ್ ಇಂಗ್ಲಿಸ್ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು. ರಿವಾಲ್ವರಿನ ಸಿಲಿಂಡರಿನಲ್ಲಿ ತೋಟಾ ಕೂರುವ ಗೂಡಿನ ಗೋಡೆ ಮೊದಲೇ ತೆಳು. ಅದರೊಳಗೊಂದು ಗುಳಿ ಬಿದ್ದರೆ ಬಿರುಕು ಹುಟ್ಟಲು ಅಷ್ಟೇ ಜಾಗ ಸಾಕು.

ಹೊರಗಿಗಿಂತ ಒಳಗೇ ಹೆಚ್ಚು ಹಾಳಾಗಿರುವುದಕ್ಕೂ ಕಾರಣವಿದೆ. ಮಹಾಯುದ್ಧಗಳ ಕಾಲದ ಎಷ್ಟೋ ತೋಟಾಗಳ ಕಿಡಿಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಸಿಡಿದ ಮೇಲೆ ನಳಿಗೆಯಲ್ಲಿ ಉಳಿಯುವುದು ಅಡುಗೆ ಉಪ್ಪಿನ ಸೋದರ, ಪೊಟ್ಯಾಸಿಯಂ ಕ್ಲೋರೈಡ್. ನೀರಿಗೆ ಕರಗುತ್ತದೆ, ಎಣ್ಣೆಗೆ ಕರಗುವುದಿಲ್ಲ. ಎಣ್ಣೆ ಬಟ್ಟೆಯಿಂದ ಒರೆಸಿ ಪೆಟ್ಟಿಗೆಗೆ ಸೇರಿಸಿದ್ದು ಮಲೆನಾಡಿನ ಮಳೆಗಾಲಗಳನ್ನು ಹೇಗೆ ಕಳೆದಿರಬಹುದು, ಊಹಿಸಿ.

ಗಟ್ಟಿಯಾಗಿ ಉಳಿದ ವೆಬ್ಲಿಯಲ್ಲೂ ಇನ್ನೊಂದು ಅಪಾಯ ಅಡಗಿರುತ್ತದೆ. ಅದರ ಮೂಲ .455 ತೋಟಾದ ಒತ್ತಡ ಚದರ ಅಂಗುಲಕ್ಕೆ ಸುಮಾರು 13,000 ಪೌಂಡ್. ಯುದ್ಧದ ನಂತರ ಅಮೆರಿಕಕ್ಕೆ ಹೋದ ಅನೇಕ ವೆಬ್ಲಿಗಳ ಸಿಲಿಂಡರ್ ಹಿಂಬದಿಯನ್ನು ತುಸು ತರಿದು, ಅಲ್ಲಿ ಸುಲಭವಾಗಿ ಸಿಗುವ .45 ಎಸಿಪಿ ತೋಟಾ ಕೂರುವಂತೆ ಮಾಡಿದರು. ಅದರ ಒತ್ತಡ 21,000ದವರೆಗೆ ಹೋಗುತ್ತದೆ. ತೋಟಾ ಕೂತಿತು ಎಂದ ಮಾತ್ರಕ್ಕೆ ಉಕ್ಕು ತಾಳುತ್ತದೆ ಎಂದಲ್ಲ. ಹಾಗೆ ತರಿದ ರಿವಾಲ್ವರುಗಳು ಸಿಡಿದದ್ದೂ ಉಂಟು.

ಬೆಂಕಿ ತೋರಿಸಿ ತುಕ್ಕು ಬಿಡಿಸುವವರು ಉಕ್ಕಿನ ಹದವನ್ನೇ ಕೆಡಿಸುತ್ತಾರೆ. ಆಸಿಡ್ಡಿನಲ್ಲಿ ಅದ್ದಿದರೆ ಹೈಡ್ರೋಜನ್ ಒಳಹೊಕ್ಕು ಉಕ್ಕು ಪೆಡಸಾಗಬಹುದು.

ಉಜ್ಜುವ ಬದಲು ಮಾಡಬೇಕಾದ್ದು ಬೇರೆಯೇ ಇದೆ: ಪರವಾನಗಿದಾರ ತೀರಿಕೊಂಡರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಮಿನಂತೆ ಆಯುಧವನ್ನು ಠಾಣೆಗೋ ಪರವಾನಗಿ ಇರುವ ವ್ಯಾಪಾರಿಗೋ ಒಪ್ಪಿಸಬೇಕು. ಸಿಲಿಂಡರ್ ತಿರುಗದಷ್ಟು ಕಚ್ಚಿಕೊಂಡಿದ್ದರೆ ಸುತ್ತಿಗೆ ಹಿಡಿಯಬೇಡಿ, ನೀವೇ ಒಯ್ಯಲೂ ಬೇಡಿ; ಪೊಲೀಸರನ್ನೇ ಕರೆಯಿರಿ. ಅಜ್ಜ ತುಂಬಿಟ್ಟ ಕೊನೆಯ ತೋಟಾ ಇನ್ನೂ ಒಳಗೇ ಇರಬಹುದು.