ಸೀಗಡಿಯ ಅಂಡಾಣು: ಜಾಗೃತಿ ಮತ್ತು ಫಲೀಕರಣ

ಕಾಸರಗೋಡಿನ ಕರಾವಳಿಯಲ್ಲಿ ಕನ್ನಡದ ಸೀಗಡಿ ತುಳುವಿನಲ್ಲಿ ಎಟ್ಟಿ, ಮಲಯಾಳದಲ್ಲಿ ಚೆಮ್ಮೀನು. ಈ ಜೀವಿಗೆ ಹೆಸರುಗಳು ಸಾಕಷ್ಟಿವೆ. ಅದರ ಸಂತಾನೋತ್ಪತ್ತಿಯ ಶಾಸ್ತ್ರೀಯ ನಿರೂಪಣೆಗೆ ಮಾತ್ರ ಇನ್ನಷ್ಟು ಪದವಿವೇಕ ಬೇಕು. ಅಂಡಾಣು ಜಾಗೃತವಾಗುವುದು ಮತ್ತು ಫಲಿತವಾಗುವುದು ಸೀಗಡಿಯಲ್ಲಿ ಎರಡು ಪ್ರತ್ಯೇಕ ಘಟನೆಗಳು.

ಸಿಹಿನೀರಿನ ದೊಡ್ಡ ಸೀಗಡಿಯಂತಹ ಪ್ರಭೇದಗಳು ಮೊಟ್ಟೆಗಳನ್ನು ಉದರದಡಿಯ ಈಜುಕಾಲುಗಳಿಗೆ ಅಂಟಿಸಿಕೊಂಡು ಕಾಯುತ್ತವೆ. ಪೀನಿಯಸ್ ಗುಂಪಿನ ಕಡಲ ಸೀಗಡಿಗಳಾದರೋ ಅವುಗಳನ್ನು ನೇರವಾಗಿ ನೀರಿಗೆ ಬಿಡುತ್ತವೆ. ಕೂಡಿದ ಮೇಲೆ ಗಂಡಿನಿಂದ ಪಡೆದ ವೀರ್ಯಾಣುಗಳನ್ನು ಹೆಣ್ಣು ದೇಹದ ಹೊರಭಾಗದಲ್ಲಿ ಇರಿಸಿಕೊಂಡಿದ್ದು, ಮೊಟ್ಟೆಗಳ ಜೊತೆಯಲ್ಲೇ ಹೊರಬಿಡುತ್ತದೆ. ಈ ವೀರ್ಯಾಣುಗಳಿಗೆ ಬಾಲವಿಲ್ಲ, ಅವು ಈಜಲಾರವು.

ಹೊರಬೀಳುವ ಹೊತ್ತಿಗೆ ಅಂಡಾಣುವಿನ ಕೋಶಕೇಂದ್ರದ ಪೊರೆ ಕರಗಿ, ಮಿಯಾಸಿಸ್ ವಿಭಜನೆಯು ಮೊದಲ ಮೆಟಾಫೇಸ್‌ನಲ್ಲಿ ತಡೆದು ನಿಂತಿರುತ್ತದೆ. ಮೆಕ್ಸಿಕೊ ಕೊಲ್ಲಿಯ ಕಂದು ಸೀಗಡಿಯಲ್ಲಿ ಅಂಡಾಣುವಿನ ಅಂಚಿನ ಸುತ್ತ ಕಡ್ಡಿಯಾಕಾರದ ದ್ರವ್ಯ ತುಂಬಿದ ಕುಳಿಗಳಿರುತ್ತವೆ. ಸಮುದ್ರದ ನೀರು ಸೋಕಿದೊಡನೆ ಆ ಕಡ್ಡಿಗಳು ಹೊರಚಿಮ್ಮಿ, ಮೊದಲು ಕಿರಣಗಳಂತೆ ಹರಡಿ, ಬಳಿಕ ಕರಗಿ ಲೋಳೆಯ ಪದರವಾಗುತ್ತವೆ. ಇದಕ್ಕೆ ವೀರ್ಯಾಣುವಿನ ಅಗತ್ಯವಿಲ್ಲ. ನೀರಿನಲ್ಲಿರುವ ಮೆಗ್ನೀಸಿಯಮ್ ಅಯಾನುಗಳು ಅಗತ್ಯ.

ಕ್ಯಾಲಿಫೋರ್ನಿಯಾ ಕರಾವಳಿಯ ಸಿಸಿಯೋನಿಯಾ ಇಂಜೆಂಟಿಸ್ ಎಂಬ ಸೀಗಡಿಯಲ್ಲಿ ಇಂತಹ ಕಡ್ಡಿಗಳಿಲ್ಲ. ಆದರೂ ತಡೆದಿದ್ದ ಮಿಯಾಸಿಸ್ ಮುಂದುವರಿಯಲು ಅಲ್ಲಿಯೂ ಮೆಗ್ನೀಸಿಯಮ್ಮೇ ಕಾರಣ. ಮೊದಲ ಧ್ರುವಕಾಯ ಹೊರಬಿದ್ದ ಮೇಲೆ ಅಂಡಾಣುವಿನ ಮೇಲ್ಮೈಯಿಂದ ರಕ್ಷಕ ಪೊರೆಯೊಂದು ಬೇರ್ಪಟ್ಟು ಎದ್ದು ನಿಲ್ಲುತ್ತದೆ. ಎರಡನೆಯ ಧ್ರುವಕಾಯ ಅದರೊಳಗೆ ಉಳಿಯುತ್ತದೆ. ಈ ಪೊರೆ ಫಲಿತವಾಗದ ಅಂಡಾಣುಗಳಲ್ಲಿಯೂ ಮೂಡುತ್ತದೆ.

ಪ್ರಾಣಿಶಾಸ್ತ್ರದ ಪಾಠಗಳಲ್ಲಿ ಸಾಮಾನ್ಯವಾಗಿ ಉದಾಹರಣೆಯಾಗುವ ಕಡಲ ಚಿಳ್ಳೆಯಲ್ಲಿ ವೀರ್ಯಾಣುವಿನ ಪ್ರವೇಶವೇ ಪೊರೆ ಮೇಲೇಳಲು ಪ್ರೇರಣೆ. ಅಲ್ಲಿ ಎದ್ದುನಿಂತ ಪೊರೆಯನ್ನು ಫಲೀಕರಣದ ಗುರುತೆಂದು ಎಣಿಸಬಹುದು. ಅದೇ ಅಳತೆಗೋಲನ್ನು ಸೀಗಡಿಗೆ ಅನ್ವಯಿಸಿದರೆ ಮರಿ ಉತ್ಪಾದನಾ ಕೇಂದ್ರದ ಲೆಕ್ಕ ತಪ್ಪುತ್ತದೆ: ಪೊರೆಯುಳ್ಳ ಮೊಟ್ಟೆಗಳನ್ನೆಲ್ಲ ಫಲಿತವೆಂದು ಬರೆದಿಟ್ಟರೆ ಮರಿಗಳ ಸಂಖ್ಯೆ ಅದಕ್ಕೆ ತಾಳೆಯಾಗದು. ಕೃತಕ ಸಮುದ್ರಜಲದಲ್ಲಿ ಉಪ್ಪಿನಂಶವನ್ನಷ್ಟೇ ಸರಿದೂಗಿಸಿ ಮೆಗ್ನೀಸಿಯಮ್ಮನ್ನು ಮರೆತರೆ ಪ್ರಕ್ರಿಯೆಯ ಆರಂಭಕ್ಕೇ ಅಡ್ಡಿಯಾಗುತ್ತದೆ. ಕ್ರಮಬದ್ಧವಾದ ಕೋಶವಿಭಜನೆಯೂ ಭ್ರೂಣದ ಬೆಳವಣಿಗೆಯೂ ಫಲೀಕರಣಕ್ಕೆ ಹೆಚ್ಚು ನಂಬಲರ್ಹವಾದ ಸಾಕ್ಷ್ಯ. ಬೆಚ್ಚನೆಯ ನೀರಿನಲ್ಲಿ ಸುಮಾರು 12ರಿಂದ 18 ಗಂಟೆಗಳೊಳಗೆ ನಾಪ್ಲಿಯಸ್ ಮರಿ ಹೊರಬರುತ್ತದೆ.

ಆದುದರಿಂದ ಕನ್ನಡದ ವಿಜ್ಞಾನ ಬರವಣಿಗೆಯಲ್ಲಿ ‘ಅಂಡಜಾಗೃತಿ’ ಮತ್ತು ‘ಫಲೀಕರಣ’ ಎಂಬ ಎರಡು ಪದಗಳನ್ನು ಬೇರೆಬೇರೆಯಾಗಿ ಬಳಸುವುದು ಉಚಿತ. ಮೊದಲನೆಯದು ಕಡಲ ನೀರಿನ ಕೆಲಸ, ಎರಡನೆಯದು ವೀರ್ಯಾಣುವಿನದು.