ಶಾಲು ಹೊದಿಸಿದ ಮೇಲೆ ಮುಂದೇನು? ಗ್ರಾಮೀಣ ವಿಜ್ಞಾನ ವಿದ್ಯಾರ್ಥಿಗಳಿಗೆ ಮಾರ್ಗದರ್ಶನವೆಂಬ ದಾಸೋಹ



ಪ್ರತಿ ವರ್ಷ ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದ ಬಳಿಕ ನವಲಗುಂದ ತಾಲ್ಲೂಕಿನ ತಿರ್ಲಾಪುರ ಹಾಗೂ ಸುತ್ತಲಿನ ಗ್ರಾಮಗಳ ಪ್ರತಿಭಾವಂತ ಮಕ್ಕಳನ್ನು ಬರಮಾಡಿಕೊಂಡು, ಪೂಜ್ಯರ ಸಾನ್ನಿಧ್ಯದಲ್ಲಿ ಶಾಲು ಹೊದಿಸಿ, ಫಲತಾಂಬೂಲವಿತ್ತು ಹರಸುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ತಂದೆತಾಯಿಗಳ ಕಣ್ಣಲ್ಲಿ ಆನಂದಬಾಷ್ಪ, ಊರಿಗೆಲ್ಲ ಹಬ್ಬದ ಸಂಭ್ರಮ. ಆದರೆ ಆ ಮಕ್ಕಳು ಮುಂದೆ ಏನಾದರು ಎಂಬುದನ್ನು ನಾವು ಬಹುಕಾಲ ವಿಚಾರಿಸಲೇ ಇಲ್ಲ. ಈ ಮಾತನ್ನು ನಾವು ಸಂಕೋಚದಿಂದಲೇ ಒಪ್ಪಿಕೊಳ್ಳುತ್ತಿದ್ದೇವೆ.

ಕೆಲವು ವರ್ಷಗಳ ಹಿಂದೆ ಹಾಗೆ ಸನ್ಮಾನಿತಳಾದ ಒಬ್ಬ ಬಾಲಕಿ ಗಣಿತದಲ್ಲಿಯೂ ವಿಜ್ಞಾನದಲ್ಲಿಯೂ ಉತ್ತಮ ಅಂಕ ಪಡೆದವಳು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತವಳು ಪಿ.ಯು.ಸಿ. ವಿಜ್ಞಾನಕ್ಕೆ ಸೇರಿದಳು. ಪಾಠವೆಲ್ಲ ಇಂಗ್ಲಿಷಿನಲ್ಲಿ. ವೇಗೋತ್ಕರ್ಷ ಎಂದು ಬಲ್ಲವಳಿಗೆ ಅದೇ ವಿಷಯ ಬೇರೊಂದು ಹೆಸರಿನಲ್ಲಿ ಎದುರಾದಾಗ ಗುರುತು ಹತ್ತಲಿಲ್ಲ. ಕೇಳಲು ಅಂಜಿಕೆ, ಮನೆಯಲ್ಲಿ ತಿಳಿಸಿ ಹೇಳುವವರಿಲ್ಲ. ಆರು ತಿಂಗಳಲ್ಲಿ ಕಾಲೇಜು ಬಿಟ್ಟಳು. ಅವಳ ಶುಲ್ಕಕ್ಕೆ ನೆರವಾಗಿದ್ದವರು ನಾವೇ. ಆದರೂ ಅವಳು ಬಿಟ್ಟ ಸಂಗತಿ ನಮಗೆ ತಿಳಿದದ್ದು ಮುಂದಿನ ಶ್ರಾವಣದಲ್ಲಿ, ಅವಳ ಅಜ್ಜಿ ಪುರಾಣ ಕೇಳಲು ಬಂದಾಗ. ಹಣ ಕೊಟ್ಟಿದ್ದೆವು; ಜೊತೆಗೆ ನಡೆದಿರಲಿಲ್ಲ. ಆ ಕೊರತೆಯ ಕುರಿತೇ ಈ ಲೇಖನ.

ಅಂದಿನ ಅಗತ್ಯ, ಇಂದಿನ ಅಗತ್ಯ

ನಮ್ಮ ಭಾಗದಲ್ಲಿ ವಿದ್ಯಾದಾಸೋಹಕ್ಕೆ ದೊಡ್ಡ ಪರಂಪರೆಯಿದೆ. ಸಿರಸಂಗಿ ಹಾಗೂ ನವಲಗುಂದದ ದೇಸಗತಿಯ ಒಡೆಯರಾಗಿದ್ದ ತ್ಯಾಗವೀರ ಲಿಂಗರಾಜ ದೇಸಾಯಿಯವರು 1904ರಲ್ಲಿ ಧಾರವಾಡದಲ್ಲಿ ಜರುಗಿದ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನದ ಅಧ್ಯಕ್ಷರಾಗಿದ್ದರು. 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ಅವರು ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಬರೆದಿಟ್ಟರು. ಬೆಳಗಾವಿಯ ಲಿಂಗರಾಜ ಕಾಲೇಜು ಇಂದಿಗೂ ಅವರ ಹೆಸರನ್ನು ಹೊತ್ತು ನಿಂತಿದೆ. ನಮ್ಮ ತಾಲ್ಲೂಕಿನ ಹೆಸರು ಆ ತ್ಯಾಗದೊಡನೆ ಸೇರಿಕೊಂಡಿರುವುದು ನಮ್ಮೆಲ್ಲರ ಹೆಮ್ಮೆ.

ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ 1899ರಲ್ಲಿ ಜನಿಸಿದ ಡಾ. ದಾ. ಚಿಂ. ಪಾವಟೆಯವರು ಹಳ್ಳಿಯಿಂದ ಹೊರಟು, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ, ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಗಣಿತದ ರ‍್ಯಾಂಗ್ಲರ್ ಪದವಿ ಪಡೆದರು. 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಅದನ್ನು ಕಟ್ಟಿ ಬೆಳೆಸಿದರು. ಬಳಿಕ ಪಂಜಾಬಿನ ರಾಜ್ಯಪಾಲರಾದರು. ಎರೆಹೊಲದ ನಾಡಿನ ಮಗು ಗಣಿತದ ಶಿಖರವನ್ನು ಏರಬಲ್ಲದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಅಂದು ಶುಲ್ಕ, ಊಟ, ವಸತಿಗಳೇ ದೊಡ್ಡ ಅಡ್ಡಿಯಾಗಿದ್ದವು. ಮಠಗಳ ಪ್ರಸಾದ ನಿಲಯಗಳೂ ದಾನಿಗಳ ದತ್ತಿಗಳೂ ಆ ಅಡ್ಡಿಯನ್ನು ಸರಿಸಿದವು. ಇಂದಿಗೂ ಬಡತನ ನೀಗಿಲ್ಲ. ಆದರೆ ಅದರೊಂದಿಗೆ ಇನ್ನೊಂದು ಕೊರತೆ ಸೇರಿದೆ. ಅದು ದಾರಿ ತಿಳಿಯದಿರುವ ಕೊರತೆ. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಮಗುವಿಗೆ, ಅದರಲ್ಲಿಯೂ ಹೆಣ್ಣುಮಗುವಿಗೆ, ವಿಜ್ಞಾನವೆಂದರೆ ವೈದ್ಯ ಇಲ್ಲವೇ ಇಂಜಿನಿಯರ್ ಎಂಬೆರಡೇ ಬಾಗಿಲುಗಳು ಕಾಣುತ್ತವೆ. ಅವೆರಡೂ ಮುಚ್ಚಿದರೆ ವಿಜ್ಞಾನವೇ ಮುಗಿಯಿತೆಂಬ ಭಾವನೆ ಮೂಡುತ್ತದೆ.

ಕೈಹಿಡಿದ ಗುರುಗಳು

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡ ಕುಟುಂಬದಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರ ಜೀವನ ಇಲ್ಲಿ ನೆನೆಯತಕ್ಕದ್ದು. ಹಳ್ಳಿಯ ಶಾಲೆಯ ಓದು ಮುಗಿದಾಗ ಅವರ ಪ್ರತಿಭೆಯನ್ನು ಗುರುತಿಸಿದ ಗುರುಗಳೊಬ್ಬರು ಬೆಂಗಳೂರಿಗೆ ಬಂದು ಓದುವಂತೆ ಕರೆದರು. ಪ್ರಯಾಣಕ್ಕೆ ಹಣವಿಲ್ಲದ ಬಾಲಕ ನಡೆದೇ ಬೆಂಗಳೂರು ಸೇರಿದನು. ಮುಂದೆ ಅವರು ಭೌತಶಾಸ್ತ್ರ ಓದಿ, ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಸ್ಥಾಪಿಸಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಜೀವಮಾನವಿಡೀ ವಿದ್ಯಾರ್ಥಿನಿಲಯದ ಕೋಣೆಯಲ್ಲಿಯೇ ವಾಸಿಸಿದರು. ನಡೆದದ್ದು ಬಾಲಕನ ಕಾಲುಗಳು ನಿಜ. ಆದರೆ ಎತ್ತ ನಡೆಯಬೇಕೆಂದು ತೋರಿಸಿದವರು ಗುರುಗಳು.

ಕಮಲಾ ಸೊಹೋನಿಯವರದು ಇನ್ನೊಂದು ನಿದರ್ಶನ. 1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ಹೆಣ್ಣೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸಲಾಯಿತು. ಅವರು ಪಟ್ಟು ಬಿಡದೆ, ಷರತ್ತುಗಳಿಗೆ ಒಳಪಟ್ಟು ಪ್ರವೇಶ ಪಡೆದರು. ಅಲ್ಲಿ ಅವರಿಗೆ ಶಿಸ್ತಿನಿಂದ ಸಂಶೋಧನೆ ಕಲಿಸಿದವರು ಶ್ರೀನಿವಾಸಯ್ಯನವರೆಂಬ ಗುರುಗಳು. ಹಾಲು ಹಾಗೂ ಬೇಳೆಕಾಳುಗಳ ಪ್ರೋಟೀನುಗಳ ಕುರಿತು ಕೆಲಸ ಮಾಡಿದ ಕಮಲಾ ಅವರು 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ಅವರ ಸಾಧನೆಯಿಂದ ಆ ಸಂಸ್ಥೆಯ ಬಾಗಿಲು ಇತರ ಹೆಣ್ಣುಮಕ್ಕಳಿಗೂ ತೆರೆಯಿತು.

ಶರಣ ಪರಂಪರೆಯೂ ಇದನ್ನೇ ಹೇಳುತ್ತದೆ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಅಲ್ಲಮಪ್ರಭುಗಳು ಅವನಿದ್ದಲ್ಲಿಗೇ ಹೋಗಿ ಕಂಡರು. ಅವನ ಕಾಯಕದಿಂದಲೇ ಮಾತು ತೆಗೆದು ಕಲ್ಯಾಣದತ್ತ ಕರೆತಂದರು. ಮಾರ್ಗದರ್ಶಕನು ಶಿಷ್ಯನ ಬಳಿಗೆ ತಾನೇ ಹೋಗಬೇಕೆಂಬುದು ಆ ಪ್ರಸಂಗದಿಂದ ನಾವು ಕಲಿಯಬೇಕಾದ ಪಾಠ.

ಹಾದಿಯ ತಿರುವುಗಳು

ವಿಜ್ಞಾನದ ಓದಿನಲ್ಲಿ ನಮ್ಮ ಮಕ್ಕಳು ದಾರಿ ತಪ್ಪುವ ತಿರುವುಗಳು ಕೆಲವೇ. ಅಲ್ಲಿ ಯಾರಾದರೂ ನಿಂತು ಕೈತೋರಿದರೆ ಸಾಕು.

ಮೊದಲನೆಯದು ಎಂಟನೆಯ ತರಗತಿ. ಸರಕಾರಿ ಹಾಗೂ ಅನುದಾನಿತ ಶಾಲೆಗಳ ಮಕ್ಕಳಿಗೆ ರಾಷ್ಟ್ರೀಯ ಪ್ರತಿಭಾ ಹಾಗೂ ಆದಾಯ ಆಧಾರಿತ ವಿದ್ಯಾರ್ಥಿವೇತನ ಪರೀಕ್ಷೆ, ಅಂದರೆ ಎನ್.ಎಂ.ಎಂ.ಎಸ್., ಈ ಹಂತದಲ್ಲಿ ನಡೆಯುತ್ತದೆ. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ಒಂಬತ್ತರಿಂದ ಹನ್ನೆರಡನೆಯ ತರಗತಿಯ ಹೆಣ್ಣುಮಕ್ಕಳಿಗಾಗಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು 2019ರಲ್ಲಿ ಆರಂಭಿಸಿದ ವಿಜ್ಞಾನ ಜ್ಯೋತಿ ಕಾರ್ಯಕ್ರಮವು ನವೋದಯ ವಿದ್ಯಾಲಯಗಳ ಮೂಲಕ ನಡೆಯುತ್ತದೆ.

ಎರಡನೆಯದು ಹತ್ತನೆಯ ತರಗತಿಯ ನಂತರದ ಬೇಸಿಗೆ. ಮೇಲೆ ಹೇಳಿದ ಬಾಲಕಿ ಎಡವಿದ್ದು ಇಲ್ಲಿಯೇ. ಫಲಿತಾಂಶಕ್ಕೂ ಕಾಲೇಜಿಗೂ ನಡುವಿನ ಈ ವಾರಗಳಲ್ಲಿ ಕನ್ನಡದ ಪಾರಿಭಾಷಿಕ ಪದಗಳಿಗೆ ಸರಿಯಾದ ಇಂಗ್ಲಿಷ್ ಪದಗಳನ್ನು ಪರಿಚಯಿಸಿದರೆ ಅರ್ಧ ಭಯ ಕಳೆಯುತ್ತದೆ. ನಮ್ಮ ಮಕ್ಕಳಿಗೆ ವಿಷಯ ತಿಳಿಯದು ಎಂಬುದು ತಪ್ಪು ಎಣಿಕೆ. ಹೆಚ್ಚಿನವರಿಗೆ ತಿಳಿಯದಿರುವುದು ಅದರ ಹೊಸ ಹೆಸರು ಮಾತ್ರ.

ಮೂರನೆಯದು ಪಿ.ಯು.ಸಿ. ಎರಡನೆಯ ವರ್ಷ. ವೃತ್ತಿಶಿಕ್ಷಣದ ಸಿ.ಇ.ಟಿ. ಪ್ರವೇಶದಲ್ಲಿ, ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಶಾಲೆಗಳಲ್ಲಿ ಓದಿದವರಿಗೆ ಶೇ. 15ರಷ್ಟು, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5ರಷ್ಟು ಸೀಟುಗಳು ಮೀಸಲಿವೆ. ಇದಕ್ಕೆ ನಿಗದಿತ ನಮೂನೆಯ ವ್ಯಾಸಂಗ ಪ್ರಮಾಣಪತ್ರ, ಅದರ ಮೇಲೆ ಮುಖ್ಯೋಪಾಧ್ಯಾಯರ ಹಾಗೂ ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿ ಬೇಕು. ಅರ್ಜಿಯಲ್ಲಿ ಅದನ್ನು ಕೇಳದೆ ಬಿಟ್ಟವರಿಗೆ ಆ ಲಾಭ ಕೈತಪ್ಪುತ್ತದೆ. ಬಿ.ಎಸ್ಸಿ. ಕೃಷಿ ಮೊದಲಾದ ಪದವಿಗಳಿಗೆ ಒಕ್ಕಲುತನದ ಮನೆಯ ಮಕ್ಕಳಿಗೆಂದೇ ಕೃಷಿಕರ ಕೋಟಾ ಹಾಗೂ ಪ್ರಾಯೋಗಿಕ ಪರೀಕ್ಷೆ ಉಂಟು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ನಮ್ಮ ಅಂಗಳದಲ್ಲಿಯೇ ಇದೆ. ನೀಟ್ ಪರೀಕ್ಷೆಯನ್ನೂ ಜೆ.ಇ.ಇ. ಮೇನ್ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಲು ಅವಕಾಶವಿದೆ ಎಂಬುದೂ ಅನೇಕರಿಗೆ ತಿಳಿದಿಲ್ಲ.

ನಾಲ್ಕನೆಯದು ಪದವಿಯ ಹಂತ. ಬಿ.ಎಸ್ಸಿ. ಎಂದರೆ ಸೀಟು ಸಿಗದವರ ಓದು ಎಂಬ ತಾತ್ಸಾರ ನಮ್ಮಲ್ಲಿದೆ; ಇದು ಅಜ್ಞಾನ. ಪುಣೆ, ತಿರುಪತಿ ಮೊದಲಾದೆಡೆ ಇರುವ ಐಸರ್ ಸಂಸ್ಥೆಗಳು ವಿಜ್ಞಾನ ಶಿಕ್ಷಣ ಮತ್ತು ಸಂಶೋಧನೆಗೆಂದೇ ಸ್ಥಾಪಿತವಾಗಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ 2011ರಿಂದ ನಾಲ್ಕು ವರ್ಷಗಳ ಪದವಿ ನೀಡುತ್ತಿದೆ. ಮಂಡಳಿಯ ಪರೀಕ್ಷೆಯಲ್ಲಿ ಅಗ್ರ ಶೇ. 1ರಲ್ಲಿ ಬಂದು ಮೂಲವಿಜ್ಞಾನ ಓದುವವರಿಗೆ ಇನ್‌ಸ್ಪೈರ್ ಯೋಜನೆಯಡಿ ವರ್ಷಕ್ಕೆ 80,000 ರೂಪಾಯಿಗಳ ನೆರವುಂಟು. ಪದವಿಯಲ್ಲಿರುವಾಗಲೇ ಬೇಸಿಗೆಯ ಎರಡು ತಿಂಗಳು ವಿಜ್ಞಾನಿಯೊಬ್ಬರ ಕೈಕೆಳಗೆ ಪ್ರಯೋಗಾಲಯದಲ್ಲಿ ಕೆಲಸ ಮಾಡಲು ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಫೆಲೋಶಿಪ್ ಕೊಡುತ್ತವೆ. ಬಳಿಕ ಐ.ಐ.ಟಿ.ಗಳಲ್ಲಿ ಎಂ.ಎಸ್ಸಿ. ಓದಲು ಜ್ಯಾಮ್ ಪರೀಕ್ಷೆ, ಸಂಶೋಧನೆಗೆ ಸಿ.ಎಸ್.ಐ.ಆರ್. ನೆಟ್. ಅದರಲ್ಲಿ ಆಯ್ಕೆಯಾದ ಕಿರಿಯ ಸಂಶೋಧಕರಿಗೆ ಮಾಸಿಕ 37,000 ರೂಪಾಯಿ ದೊರೆಯುತ್ತದೆ. ಸಂಶೋಧನೆ ಎಂದರೆ ಮನೆಯವರಿಗೆ ಹೊರೆಯಾಗಿ ಓದುತ್ತ ಕೂರುವುದಲ್ಲ, ಅದೂ ಒಂದು ಕಾಯಕ ಎಂಬುದನ್ನು ತಂದೆತಾಯಿಗಳಿಗೆ ತಿಳಿಹೇಳಬೇಕು.

ಮಾರ್ಗದರ್ಶಕರ ಕೆಲಸವೇನು?

ಮಾರ್ಗದರ್ಶನ ಮಾಡಲು ತಾವು ವಿಜ್ಞಾನಿಗಳೇ ಆಗಿರಬೇಕೆಂದು ಅನೇಕರು ಹಿಂಜರಿಯುತ್ತಾರೆ. ಹಾಗೇನಿಲ್ಲ. ತಿಂಗಳಿಗೆ ಎರಡು ಬಾರಿ ಮಗುವಿನೊಡನೆ ಮಾತನಾಡುವುದು. ಯಾವ ಪಾಠ ಕಠಿಣವಾಯಿತೆಂದು ಕೇಳುವುದು. ಅರ್ಜಿಯ ಕೊನೆಯ ದಿನಾಂಕ ನೆನಪಿಸುವುದು. ಜಾತಿ, ಆದಾಯ ಪ್ರಮಾಣಪತ್ರಗಳು ಸಿದ್ಧವಿವೆಯೇ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ನೋಡುವುದು. ಕಡಿಮೆ ಅಂಕ ಬಂದ ದಿನ ಜೊತೆಗಿರುವುದು ಎಲ್ಲಕ್ಕಿಂತ ಮುಖ್ಯ. ಗೆದ್ದ ದಿನ ಶಾಲು ಹೊದಿಸಲು ಊರೇ ಬರುತ್ತದೆ. ಸೋತ ದಿನ ಒಬ್ಬರಾದರೂ ಬರಬೇಕು.

ಇದರಲ್ಲಿ ಭೇದವೆಣಿಸಲಾಗದು. ನಾನಾ ಕಾಯಕದ ಶರಣರು ಕೂಡಿದ ಅನುಭವ ಮಂಟಪದ ವಾರಸುದಾರರು ನಾವು. ಆದ್ದರಿಂದ ಮಾದಾರ ಓಣಿಯ ಮಗು, ಕೂಲಿಕಾರರ ಮಗಳು, ಅಲ್ಪಸಂಖ್ಯಾತರ ಮನೆಯ ಹುಡುಗ, ಯಾರೇ ಆಗಲಿ, ವಿಜ್ಞಾನದಲ್ಲಿ ಆಸಕ್ತಿಯಿದ್ದರೆ ಅವರು ನಮ್ಮವರೇ. ಈವರೆಗೆ ಪ್ರಯೋಗಾಲಯಗಳಲ್ಲಿ ಕಾಣದ ಮನೆತನಗಳ ಮಕ್ಕಳಿಗೆ ಮೊದಲ ಕರೆ ಹೋಗಬೇಕು.

ಇದರಿಂದ ಲಾಭ ಮಗುವಿಗಷ್ಟೇ ಅಲ್ಲ. ಮಲಪ್ರಭೆಯ ಕಾಲುವೆ ನೀರು ಬಂದ ಎಷ್ಟೋ ಹೊಲಗಳು ಸವಳು-ಜವಳಾದುದನ್ನು ಈ ಭಾಗದ ರೈತರು ಬಲ್ಲರು. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುವುದೂ ಮಳೆಗೆ ಉಬ್ಬುವುದೂ ಅದರಲ್ಲಿರುವ ಜೇಡಿಯ ಗುಣದಿಂದ. ಈ ಮಣ್ಣನ್ನು ತುಳಿದು ಬೆಳೆದವರಿಗೆ ಅದರ ಕುರಿತು ಹುಟ್ಟುವ ಪ್ರಶ್ನೆಗಳೇ ಬೇರೆ. ಅಂಥವರು ಮಣ್ಣುವಿಜ್ಞಾನಿಗಳಾದರೆ ಊರಿನ ಸಂಕಟ ಪ್ರಯೋಗಾಲಯವನ್ನು ತಲುಪುತ್ತದೆ.

ಸದ್ಭಕ್ತರಲ್ಲಿ ವಿನಂತಿ

ನಿವೃತ್ತ ಶಿಕ್ಷಕರು, ಉಪನ್ಯಾಸಕರು, ಹುಬ್ಬಳ್ಳಿ, ಧಾರವಾಡ, ಬೆಂಗಳೂರುಗಳಲ್ಲಿ ನೌಕರಿಯಲ್ಲಿರುವ ನಮ್ಮ ಊರುಗಳ ಇಂಜಿನಿಯರರು, ಪದವಿ ಓದುತ್ತಿರುವ ಹಿರಿಯ ವಿದ್ಯಾರ್ಥಿಗಳು ತಲಾ ಒಂದು ಮಗುವಿನ ಹೊಣೆ ಹೊರಬೇಕೆಂದು ಪ್ರಾರ್ಥಿಸುತ್ತೇವೆ. ಹೆಣ್ಣುಮಕ್ಕಳಿಗೆ ಸಾಧ್ಯವಾದಷ್ಟೂ ಮಹಿಳಾ ಮಾರ್ಗದರ್ಶಕರೇ ಇರಲಿ. ಭೇಟಿ ಶ್ರೀಮಠದಲ್ಲಿಯೋ ಶಾಲೆಯಲ್ಲಿಯೋ ಪಾಲಕರ ಸಮಕ್ಷಮದಲ್ಲಿ ನಡೆಯಲಿ. ಇಂದಿನಿಂದ ಪುರಸ್ಕಾರ ಪಡೆದ ಪ್ರತಿ ಮಗುವಿನ ಹೆಸರನ್ನು ನಾವು ಒಂದು ವಹಿಯಲ್ಲಿ ಬರೆದಿಟ್ಟು, ಹೆಸರಿನ ಮುಂದೆ ಮಾರ್ಗದರ್ಶಕರ ಹೆಸರನ್ನೂ ಬರೆಯುವೆವು. ಆ ಜಾಗ ಖಾಲಿ ಇರುವವರೆಗೆ ಸನ್ಮಾನ ಪೂರ್ಣವಾಯಿತೆಂದು ತಿಳಿಯುವುದಿಲ್ಲ.

ಕಾಲೇಜು ಬಿಟ್ಟ ಆ ಬಾಲಕಿಯ ಮನೆಗೂ ನಾವು ಹೋಗಿ ಬಂದೆವು. ಮರಳಿ ಓದುವ ಮನಸ್ಸು ಅವಳಿಗಿದೆ. ವಹಿಯ ಮೊದಲ ಹೆಸರು ಅವಳದೇ. ಅದರ ಮುಂದಿನ ಜಾಗದಲ್ಲಿ ಹೆಸರು ಬರೆಸಲು ಬರುವ ಶರಣೆಯ ದಾರಿಯನ್ನು ಕಾಯುತ್ತಿದ್ದೇವೆ.



ಕಾರ್ಯದರ್ಶಿಗಳು, ಶ್ರೀಮಠ